ನೆರಳೂ ಅಮಾನತ್, ದಾರಿಯೂ ಅಮಾನತ್

(ಬೆಂಗಳೂರಿನ ಮಸೀದಿಯೊಂದರಲ್ಲಿ ಮುಂಗಾರಿಗೆ ಮುಂಚೆ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಅನುಚರರ ಮೇಲೂ ಶಾಂತಿ ಮತ್ತು ಕೃಪೆ ವರ್ಷಿಸಲಿ. ಮೊದಲು ನನಗೆ, ನಂತರ ನಿಮಗೆ ತಕ್ವಾದ ಉಪದೇಶ ಮಾಡುತ್ತೇನೆ.

ಮಾನ್ಯ ಸಹೋದರರೇ, ಈ ದಿನ ನಾನು ಮಾತನಾಡಬೇಕೆಂದುಕೊಂಡಿರುವುದು ನಮ್ಮ ಮಸೀದಿಯ ಗೇಟಿನ ಮುಂದಿರುವ ಮಳೆಮರದ ಬಗ್ಗೆ. ಜುಮಾದ ಮಿಂಬರ್‌ನಿಂದ ಮರದ ಮಾತೇ ಎಂದು ಯಾರಿಗಾದರೂ ಅನಿಸಿದರೆ ಸ್ವಲ್ಪ ತಾಳ್ಮೆಯಿಂದ ಕೇಳಿ. ಇದು ಒಬ್ಬ ಸಹೋದರನ ಮುರಿದ ಎಲುಬಿನ ಮಾತೂ ಹೌದು, ನಾನು ಹಾಕಿದ ಒಂದು ಸಹಿಯ ಮಾತೂ ಹೌದು.

ಮೂರು ವಾರಗಳ ಹಿಂದೆ ಮಗ್ರಿಬ್‌ಗೆ ಮುಂಚೆ ಬಂದ ಗಾಳಿಮಳೆ ನಿಮಗೆಲ್ಲ ನೆನಪಿದೆ. ಅರ್ಧ ಗಂಟೆಯ ಮಳೆ. ಮರದ ಕೆಳಗೆ ಆಟೋ ನಿಲ್ಲಿಸಿಕೊಂಡು ಮಳೆ ನಿಲ್ಲಲಿ ಎಂದು ಒಳಗೇ ಕೂತಿದ್ದ ನಮ್ಮ ಸಹೋದರನ ಮೇಲೆ ಕೊಂಬೆ ಬಿತ್ತು. ಆಟೋದ ಟಾಪ್ ಮಡಚಿಹೋಯಿತು, ಅವರ ಹೆಗಲಿನ ಎಲುಬು ಮುರಿಯಿತು. ಆ ದಿನ ಮದ್ರಸಕ್ಕೆ ರಜೆ ಇತ್ತು. ಇಲ್ಲದಿದ್ದರೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಮಕ್ಕಳು ಚಪ್ಪಲಿ ಹುಡುಕುತ್ತಾ ನಿಂತಿರುತ್ತಿದ್ದರು. ಅಲ್ಲಾಹನ ದಯೆಯಿಂದ ಆ ಸಹೋದರ ಇಂದು ಕೈಗೆ ಪಟ್ಟಿ ಕಟ್ಟಿಕೊಂಡು ನಮ್ಮ ಜೊತೆ ಸಾಲಿನಲ್ಲಿ ಕೂತಿದ್ದಾರೆ.

ಮಾರನೆಯ ದಿನವೇ ಮಸೀದಿಯಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದವರು ಮರವನ್ನು ಬುಡಸಹಿತ ಕಡಿಸಿ ಎಂದು ಕಮಿಟಿಗೆ ಅರ್ಜಿ ಬರೆದು ನಲವತ್ತು ಜನರ ಸಹಿ ಹಾಕಿಸಿದರು. ಇನ್ನೊಂದು ಪಕ್ಷ ನಮ್ಮ ಹಿರಿಯರದು. ಅವರು ಚಿಕ್ಕಂದಿನಲ್ಲಿ ಈ ಮರದ ಕಾಯಿಗಳನ್ನು ಜಜ್ಜಿ ಚೆಂಡು ಮಾಡಿ ಆಡಿದವರು. ಈದ್ ನಮಾಝಿಗೆ ಒಳಗೆ ಜಾಗ ಸಾಲದೆ ಇದರ ನೆರಳಿನಲ್ಲಿ ಚಾಪೆ ಹಾಸಿದವರು. ಒಂದು ಎಲೆಯನ್ನೂ ಮುಟ್ಟಬಾರದು, ಬಿದ್ದದ್ದು ಅಲ್ಲಾಹನ ವಿಧಿ ಎಂದು ಅವರ ಮಾತು. ಎರಡೂ ಕಡೆಯವರು ನನ್ನ ಬಳಿ ಬಂದು ಹದೀಸ್ ಕೇಳಿದರು. ನಾನು ಅಂದು ಉತ್ತರ ಕೊಡಲಿಲ್ಲ. ಮೊದಲು ಆಸ್ಪತ್ರೆಗೆ ಹೋಗಿ ಆ ಸಹೋದರನನ್ನು ನೋಡಿದೆ. ಅವರು ಹೇಳಿದ ಮಾತು ನನ್ನ ನಿದ್ದೆ ಕೆಡಿಸಿತು.

"ಹಝ್ರತ್, ಮರ ಕಡೀರಿ ಅಂತ ನಾನು ಹೇಳಲ್ಲ, ಬಿಡಿ ಅಂತಾನೂ ಹೇಳಲ್ಲ. ಆದ್ರೆ ಆ ಕೊಂಬೆ ಒಣಗಿ ಎರಡು ವರ್ಷ ಆಗಿತ್ತು. ದಿನಾ ಅದರ ಕೆಳಗೇ ಗಾಡಿ ಹಾಕ್ತಿದ್ದೆ, ದಿನಾ ನೋಡ್ತಿದ್ದೆ. ನೀವೂ ನೋಡಿರ್ತೀರಿ."

ನೋಡಿದ್ದೆ, ಸಹೋದರರೇ. ನೀವೂ ನೋಡಿದ್ದಿರಿ. ಸುತ್ತಲೂ ಹಸಿರು ಇದ್ದಾಗ ಒಂದು ಕೊಂಬೆ ಮಾತ್ರ ಎಲೆ ಇಲ್ಲದೆ ತೊಗಟೆ ಕಳಚಿಕೊಂಡು ಬೆಳ್ಳಗೆ ನಿಂತಿತ್ತು. ಹದ್ದು ಬಂದು ಅದರ ಮೇಲೆ ಕೂರುತ್ತಿತ್ತು. ಐದು ಹೊತ್ತು ನಮಾಝಿಗೆ ಬರುವ ನೂರಾರು ಜನರಲ್ಲಿ ಒಬ್ಬರೂ ಒಂದು ಅರ್ಜಿ ಕೊಡಲಿಲ್ಲ. ಬಿದ್ದ ಮೇಲೆ ನಲವತ್ತು ಸಹಿ.

ಈಗ ಹದೀಸ್‌ನ ವಿಷಯಕ್ಕೆ ಬರೋಣ. ಮರ ಕಡಿಯಬಾರದು ಎನ್ನುವವರು ಅಬೂದಾವೂದ್‌ನಲ್ಲಿರುವ ಒಂದು ವರದಿಯನ್ನು ಮುಂದಿಡುತ್ತಾರೆ. ಸಿದ್ರ್, ಅಂದರೆ ನಮ್ಮ ಬೋರೆಯ ಜಾತಿಯ ಮರ, ಅದನ್ನು ಕಡಿದವನಿಗೆ ಪ್ರವಾದಿ(ಸ) ನರಕದ ಎಚ್ಚರಿಕೆ ನೀಡಿದ್ದಾರೆ. ಇದರ ಅರ್ಥವೇನೆಂದು ಇಮಾಮ್ ಅಬೂದಾವೂದ್‌ರನ್ನೇ ಕೇಳಿದಾಗ ಅವರು ವಿವರಿಸಿದ್ದು ಹೀಗೆ: ಬಯಲಿನಲ್ಲಿ ದಾರಿಹೋಕರು ಮತ್ತು ಪ್ರಾಣಿಗಳು ನೆರಳು ಪಡೆಯುವ ಮರವನ್ನು ಯಾವ ಹಕ್ಕೂ ಇಲ್ಲದೆ, ಸುಮ್ಮನೆ ಅನ್ಯಾಯವಾಗಿ ಕಡಿಯುವವನ ಬಗ್ಗೆ ಈ ಮಾತು. ಕಡಿಯಬೇಕು ಎನ್ನುವವರು ಸಹೀಹ್ ಮುಸ್ಲಿಮ್‌ನ ಹದೀಸನ್ನು ಮುಂದಿಡುತ್ತಾರೆ. ದಾರಿಯಲ್ಲಿ ಜನರಿಗೆ ತೊಂದರೆ ಕೊಡುತ್ತಿದ್ದ ಒಂದು ಮರವನ್ನು ಕಡಿದು ಹಾಕಿದ ಕಾರಣಕ್ಕೆ ಒಬ್ಬ ಮನುಷ್ಯ ಸ್ವರ್ಗದಲ್ಲಿ ಸುಖವಾಗಿ ಓಡಾಡುತ್ತಿರುವುದನ್ನು ತಾವು ಕಂಡೆವೆಂದು ಪ್ರವಾದಿ(ಸ) ತಿಳಿಸಿದ್ದಾರೆ. 

ಒಂದು ಮರ ಕಡಿದವನಿಗೆ ನರಕದ ಎಚ್ಚರಿಕೆ, ಇನ್ನೊಂದು ಮರ ಕಡಿದವನಿಗೆ ಸ್ವರ್ಗ. ಇವೆರಡರಲ್ಲಿ ವೈರುಧ್ಯವಿದೆಯೇ? ಇಲ್ಲ. ಎರಡರಲ್ಲೂ ಅಳತೆಗೋಲು ಒಂದೇ. ಅದು ದಾರಿಯಲ್ಲಿ ನಡೆಯುವ ಮನುಷ್ಯ. ಅವನಿಗೆ ನೆರಳು ಕೊಡುವುದನ್ನು ಕಡಿಯುವುದು ಪಾಪ, ಅವನಿಗೆ ಕೇಡು ಮಾಡುವುದನ್ನು ತೆಗೆಯುವುದು ಪುಣ್ಯ. ದಾರಿಯಿಂದ ತೊಂದರೆಯನ್ನು ಸರಿಸುವುದು ಈಮಾನ್‌ನ ಶಾಖೆಗಳಲ್ಲಿ ಒಂದೆಂದು ಮದ್ರಸದ ಮಕ್ಕಳಿಗೂ ಗೊತ್ತಿದೆ. ಹಾಗಾದರೆ ನಮ್ಮ ಮರ ಯಾವುದು? ನೆರಳು ಕೊಡುವುದೋ, ಕೇಡು ಮಾಡುವುದೋ? ಎರಡೂ ಹೌದು ಎಂಬುದೇ ನಮ್ಮ ಕಷ್ಟ. ಇದನ್ನು ಮಿಂಬರ್ ಮೇಲೆ ನಿಂತ ನಾನು ಹೇಳಲಾರೆ, ಅರ್ಜಿ ಬರೆದವರೂ ಹೇಳಲಾರರು. ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಬೇಕೆಂದು ಕುರ್‌ಆನ್ ನಮಗೆ ಕಲಿಸಿದೆ. ಕಾಯಿಲೆ ಬಂದರೆ ವೈದ್ಯರ ಬಳಿ ಹೋಗುತ್ತೇವೆ, ಮರದ ವಿಷಯದಲ್ಲಿ ಮಾತ್ರ ಕೊಡಲಿ ಹಿಡಿದವನೇ ವೈದ್ಯ!

ಹಾಗಾಗಿ ಕಮಿಟಿಯವರು ಮರಗಳ ಬಗ್ಗೆ ತಿಳಿದ, ತೋಟಗಾರಿಕೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರನ್ನು ಕರೆಸಿದರು. ಅವರು ಬೆಳಿಗ್ಗೆ ಬಂದು ಎರಡು ಗಂಟೆ ಮರದ ಸುತ್ತ ನಡೆದರು. ಮರದ ಕೊಡತಿಯಿಂದ ಕಾಂಡವನ್ನು ತಟ್ಟಿ ಕಿವಿ ಇಟ್ಟು ಕೇಳಿದರು. ಕಬ್ಬಿಣದ ಸಣ್ಣ ಸಲಾಕೆಯಿಂದ ಬುಡವನ್ನು ಅಲ್ಲಲ್ಲಿ ಚುಚ್ಚಿ ನೋಡಿದರು. ತಲೆ ಎತ್ತಿ ಕೊಂಬೆಗಳನ್ನು ನೋಡಿದ್ದಕ್ಕಿಂತ ಬಗ್ಗಿ ನೆಲ ನೋಡಿದ್ದೇ ಹೆಚ್ಚು. ಕೊನೆಗೆ ಅವರು ಕೇಳಿದ ಮೊದಲ ಪ್ರಶ್ನೆ: "ಈ ಟೈಲ್ಸ್ ಯಾವಾಗ ಹಾಕಿಸಿದ್ದು?"

ಇಲ್ಲಿಂದ ನನ್ನ ಸಹಿಯ ಕತೆ ಶುರುವಾಗುತ್ತದೆ.

ಐದು ವರ್ಷಗಳ ಹಿಂದೆ ಜುಮಾಕ್ಕೆ ಜಾಗ ಸಾಲದೆ ಹೊರಗೂ ಸಾಲು ನಿಲ್ಲಬೇಕಾಗಿ ಬಂದಾಗ ಗೇಟಿನ ಮುಂದೆ ಕಾಂಕ್ರೀಟ್ ಸುರಿದು ಇಂಟರ್‌ಲಾಕ್ ಟೈಲ್ಸ್ ಹಾಕಿಸಿದೆವು. ಮರದ ಬುಡಕ್ಕೆ ತಾಗುವವರೆಗೂ ಹಾಕಿಸಿದೆವು. ಅಂದವಾಗಿ ಕಾಣಲಿ ಎಂದು ಸುತ್ತ ಸಿಮೆಂಟಿನ ಕಟ್ಟೆಯನ್ನೂ ಕಟ್ಟಿದೆವು. ಅದೇ ವರ್ಷ ವುಝೂಖಾನೆಯ ನೀರು ಹೋಗಲು ಚರಂಡಿ ತೋಡಿಸಿದಾಗ ಅಡ್ಡ ಬಂದ ತೊಡೆ ಗಾತ್ರದ ಎರಡು ಬೇರುಗಳನ್ನು ಕಡಿಸಿದೆವು. ಆ ಕೆಲಸದ ಠರಾವಿಗೆ ಕಮಿಟಿಯವರ ಜೊತೆ ನಾನೂ ಸಹಿ ಹಾಕಿದ್ದೇನೆ. ಪುಸ್ತಕದಲ್ಲಿ ಇದೆ, ಯಾರು ಬೇಕಾದರೂ ನೋಡಬಹುದು.

ನಾವು ಅಂದುಕೊಂಡಿದ್ದೇನು? ಮರ ಎಷ್ಟು ಎತ್ತರವೋ ಬೇರು ಅಷ್ಟೇ ಆಳ ಇರುತ್ತದೆ, ಮೇಲೆ ಏನು ಹಾಕಿದರೂ ಅದಕ್ಕೇನು ಎಂದು. ಆ ಹಿರಿಯರು ನಮಗೆ ತಿಳಿಸಿದ್ದು ಬೇರೆ. ಮರಕ್ಕೆ ಅನ್ನ ನೀರು ತರುವ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಎರಡು ಮೂರು ಅಡಿಯಲ್ಲೇ ಇರುತ್ತವೆ. ಅವು ಆಳಕ್ಕೆ ಹೋಗುವುದಕ್ಕಿಂತ ಅಗಲಕ್ಕೆ ಹೋಗುತ್ತವೆ, ಕೊಂಬೆಗಳ ತುದಿಯನ್ನೂ ದಾಟಿ ಹರಡುತ್ತವೆ. ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯೇ ಅದರ ಉಸಿರು. ಮೇಲೆ ಕಾಂಕ್ರೀಟ್ ಬಿದ್ದರೆ ನೀರೂ ಇಳಿಯುವುದಿಲ್ಲ, ಗಾಳಿಯೂ ಇಳಿಯುವುದಿಲ್ಲ. ದಿನವಿಡೀ ವಾಹನ ನಿಲ್ಲಿಸಿ ಮಣ್ಣನ್ನು ಒತ್ತಿ ಗಟ್ಟಿ ಮಾಡಿದರೂ ಅದೇ ಗತಿ. ಮರ ಅಂದೇ ಸಾಯುವುದಿಲ್ಲ. ಅದರ ಬಳಿ ಕೂಡಿಟ್ಟದ್ದು ಇರುತ್ತದೆ, ಕೆಲವು ವರ್ಷ ಅದನ್ನು ತಿನ್ನುತ್ತದೆ. ನಂತರ ಎಲ್ಲವನ್ನೂ ಸಾಕಲಾರದೆ ಒಂದೊಂದೇ ಕೊಂಬೆಯನ್ನು ಕೈಬಿಡುತ್ತದೆ. ನಾವು ಬೇರು ಕಡಿದ ಕಡೆಯೇ ಮೇಲಿನ ಕೊಂಬೆ ಒಣಗಿತ್ತು, ಸಹೋದರರೇ. ಚರಂಡಿಯ ನೇರಕ್ಕೆ ನಿಂತು ಮೇಲೆ ನೋಡಿದರೆ ಯಾರಿಗೂ ಅರ್ಥವಾಗುತ್ತದೆ.

ಹಾಗಾದರೆ ಆ ಸಾಯಂಕಾಲ ಬಿದ್ದದ್ದು ಗಾಳಿಗೋ, ನಮ್ಮ ಠರಾವಿಗೋ?

ವಿಧಿಯ ಮಾತು ಆಡುವವರಿಗೆ ಒಂದು ವಿಷಯ ನೆನಪಿಸುತ್ತೇನೆ. ಎಲ್ಲವೂ ಅಲ್ಲಾಹನ ವಿಧಿಯಂತೆಯೇ ನಡೆಯುತ್ತದೆ, ಇದು ನಮ್ಮ ವಿಶ್ವಾಸ. ಆದರೆ ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆ ಇಡಬೇಕೆಂದು ಕಲಿಸಿದವರೂ ನಮ್ಮ ಪ್ರವಾದಿ(ಸ)ಯೇ. ನಮ್ಮ ಹನಫಿ ಫಿಕ್ಹ್‌ನ ಗ್ರಂಥಗಳಲ್ಲಿ ವಾಲಿದ ಗೋಡೆಯ ಚರ್ಚೆ ಬರುತ್ತದೆ. ಒಬ್ಬನ ಗೋಡೆ ಸಾರ್ವಜನಿಕ ದಾರಿಯ ಕಡೆಗೆ ವಾಲಿದೆ. ಜನರು ಅವನಿಗೆ ಸಾಕ್ಷಿಗಳ ಮುಂದೆ, ಇದನ್ನು ಕೆಡವಿಸು ಎಂದು ಹೇಳಿದ್ದಾರೆ. ಕೆಡವಿಸಲು ಸಮಯವಿದ್ದೂ ಅವನು ಸುಮ್ಮನಿದ್ದಾನೆ. ಆಮೇಲೆ ಗೋಡೆ ಬಿದ್ದು ಯಾರಿಗಾದರೂ ಹಾನಿಯಾದರೆ ಅವನೇ ಹೊಣೆಗಾರ. ವಿಧಿ ಎಂದು ಹೇಳಿ ಅವನು ತಪ್ಪಿಸಿಕೊಳ್ಳುವಂತಿಲ್ಲ. ಒಣಗಿದ ಕೊಂಬೆಗೆ ಇದೇ ಹುಕುಮ್ ಅನ್ವಯಿಸುತ್ತದೆಂದು ನಾನು ಫತ್ವಾ ಕೊಡುತ್ತಿಲ್ಲ. ಫುಟ್‌ಪಾತ್‌ನ ಮರ ಸರ್ಕಾರದ್ದು, ನಮಗೆ ಯಾರೂ ಸಾಕ್ಷಿಗಳ ಮುಂದೆ ಹೇಳಿಯೂ ಇರಲಿಲ್ಲ. ಆದರೆ ನನ್ನ ಮನಸ್ಸಾಕ್ಷಿಗೆ ಆ ಗೋಡೆ ಮತ್ತು ಈ ಕೊಂಬೆ ಒಂದೇ ಆಗಿ ಕಾಣುತ್ತಿವೆ. ಕಮಿಟಿಯವರೂ ಒಪ್ಪಿದ್ದಾರೆ. ಆಟೋ ರಿಪೇರಿಯ ಮತ್ತು ಆಸ್ಪತ್ರೆಯ ಖರ್ಚನ್ನು ಸದಕ ಎಂದು ಕೊಡುವುದಲ್ಲ, ನಮ್ಮ ಮೇಲಿರುವ ಋಣ ಎಂದು ಕೊಡಬೇಕು. ಹಾಗೆಯೇ ಪುಸ್ತಕದಲ್ಲಿ ಬರೆಯಲಾಗಿದೆ.

ಆ ಹಿರಿಯರ ತೀರ್ಮಾನ ಏನಾಯಿತು ಎಂದು ನೀವು ಕಾಯುತ್ತಿದ್ದೀರಿ. ನಮ್ಮಲ್ಲಿ ಮರಗಳು ಎರಡು. ಮುಂದೆ ಮಳೆಮರ, ಹಿಂದೆ ಖಬರಸ್ಥಾನದ ಗೋಡೆಯ ಬಳಿ ಗುಲ್‌ಮೊಹರ್. ಅರ್ಜಿಯಲ್ಲಿ ಮಳೆಮರದ ಹೆಸರು ಮಾತ್ರ ಇತ್ತು. ಗುಲ್‌ಮೊಹರ್ ಬಗ್ಗೆ ಯಾರಿಗೂ ದೂರಿರಲಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕೆಂಪಗೆ ಅರಳಿ ನಿಂತರೆ ಎಲ್ಲರೂ ಫೋಟೋ ತೆಗೆಯುತ್ತಾರೆ. ಅವರು ಹೇಳಿದ್ದು ಇದಕ್ಕೆ ತಲೆಕೆಳಗು. ಮಳೆಮರ ಉಳಿಯಬಹುದು, ಗುಲ್‌ಮೊಹರ್ ಹೋಗಬೇಕು.

ಮಳೆಮರದ ಕಾಂಡದಲ್ಲಿ ಪೊಟರೆ ಇದೆ, ಗಿಳಿಗಳು ಸಂಸಾರ ಮಾಡಿಕೊಂಡಿವೆ. ಟೊಳ್ಳು ಮರ ಇಂದೋ ನಾಳೆಯೋ ಬೀಳುತ್ತದೆ ಎಂದು ನಮ್ಮ ಭಯವಿತ್ತು. ಅವರು ಸೈಕಲ್ ತೋರಿಸಿದರು. ಅದರ ಕೊಳವೆಗಳೂ ಟೊಳ್ಳು, ಭಾರ ಹೊರುವುದಿಲ್ಲವೇ? ಮರದ ಜೀವ ಇರುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ ಮತ್ತು ಅದರ ಒಳಗಿನ ಹಸಿ ಮರದಲ್ಲಿ. ನಡುವಿನ ಚೇಗು ಮೊದಲೇ ಜೀವವಿಲ್ಲದ್ದು. ಅದು ಕೊಳೆತು ಹೋದರೂ ಸುತ್ತಲಿನ ಗಟ್ಟಿ ಗೋಡೆ ಸಾಕಷ್ಟು ದಪ್ಪವಿದ್ದರೆ ಮರ ಬಹುಕಾಲ ನಿಲ್ಲುತ್ತದೆ. ನಮ್ಮ ಮರದಲ್ಲಿ ಆ ದಪ್ಪ ಇದೆ. ಬುಡ ಗಟ್ಟಿಯಾಗಿದೆ. ಒಣಗಿದ ಇನ್ನೆರಡು ಕೊಂಬೆ ತೆಗೆದು, ರಸ್ತೆಯ ಮೇಲೆ ತೀರಾ ಉದ್ದಕ್ಕೆ ಚಾಚಿರುವ ಕೊಂಬೆಯ ತುದಿಭಾರ ಇಳಿಸಿ, ನೆಲ ಬಿಡಿಸಿಕೊಟ್ಟರೆ ಸಾಕು, ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಪರೀಕ್ಷಿಸುತ್ತಾ ಹೋಗಿ ಎಂದರು.

ಗುಲ್‌ಮೊಹರ್‌ನ ಬುಡದಲ್ಲಿ ಮಾತ್ರ ಹಲಗೆಯಂಥ ಕಂದು ಅಣಬೆಗಳು ಎದ್ದಿವೆ. ನಾವು ಅವನ್ನು ನೋಡಿ ಚಂದ ಎಂದುಕೊಂಡಿದ್ದೆವು. ಬುಡದಲ್ಲಿ ಅಣಬೆ ಎಂದರೆ ಒಳಗೆ ಬೇರು ಮತ್ತು ಬುಡ ಕೊಳೆಯುತ್ತಿದೆ ಎಂದು ಅರ್ಥ. ಸಲಾಕೆ ಬೆಣ್ಣೆಗೆ ಹೋದಂತೆ ಒಳಗೆ ಹೋಯಿತು. ಒಂದು ಕಡೆ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದೆ, ಗಾಳಿ ಬಂದಾಗ ಬೇರು ಎದ್ದು ಕೂರುತ್ತಿದೆ. ಗುಲ್‌ಮೊಹರ್ ಮೊದಲೇ ಮೃದು ಮರ, ಬೇರೂ ಮೇಲೆಮೇಲೆ. ನಗರದಲ್ಲಿ ಮುಂಗಾರುಪೂರ್ವ ಗಾಳಿಗೆ ಬೀಳುವ ಮರಗಳಲ್ಲಿ ಇದು ಯಾವಾಗಲೂ ಇರುತ್ತದೆ. ಹೂವು ತುಂಬಿದೆ ಎಂದ ಮಾತ್ರಕ್ಕೆ ಆರೋಗ್ಯವಾಗಿದೆ ಎಂದಲ್ಲ. ಅದರಾಚೆಗೆ ಗೋಡೆ, ಗೋಡೆಯಾಚೆಗೆ ಅಂಗನವಾಡಿ.

ನೋಡಿ, ನಾವು ಕಡಿಯಹೊರಟಿದ್ದು ಉಳಿಯಬೇಕಾದ ಮರವನ್ನು, ಪ್ರೀತಿಸುತ್ತಿದ್ದುದು ತೆಗೆಯಬೇಕಾದ ಮರವನ್ನು.

ಈ ಎರಡೂ ಮರಗಳು ನಮ್ಮ ನಾಡಿನವಲ್ಲ. ಮಳೆಮರ ಅಮೆರಿಕ ಖಂಡದ್ದು, ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಇವತ್ತು ಯಾರಾದರೂ ಬಂದು ಇವು ಬೆಂಗಳೂರಿನವಲ್ಲ ಎಂದರೆ ನಾವು ನಕ್ಕುಬಿಡುತ್ತೇವೆ. 1760ರಲ್ಲಿ ಹೈದರ್ ಅಲಿ ಲಾಲ್‌ಬಾಗ್ ತೋಟವನ್ನು ಆರಂಭಿಸಿದರು, ಟಿಪ್ಪು ಸುಲ್ತಾನರು ದೇಶವಿದೇಶಗಳಿಂದ ಗಿಡಬೀಜ ತರಿಸಿ ಅದನ್ನು ಬೆಳೆಸಿದರು. ಆಮೇಲೆ ಬ್ರಿಟಿಷರು, ಜರ್ಮನಿಯಿಂದ ಬಂದ ಕ್ರುಂಬಿಗಲ್‌ರಂಥ ತೋಟಗಾರಿಕೆ ತಜ್ಞರು, 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ್ ಅವರು, ಹೀಗೆ ಒಬ್ಬರ ನಂತರ ಒಬ್ಬರು ನೆಟ್ಟ ನೆರಳು ಇದು. ನೆಟ್ಟ ಅವರು ಯಾರೂ ಇಂದು ಅದರ ಕೆಳಗೆ ಕೂರಲು ಉಳಿದಿಲ್ಲ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ಏನು ತಿಂದರೂ ಅವನಿಗೆ ಅದು ಸದಕ ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನೆಟ್ಟವನಿಗೆ ಪುಣ್ಯ ಬರುತ್ತಿರುವಾಗ ನಡುವೆ ಬಂದ ನಾವು ಕಾಂಕ್ರೀಟ್ ಸುರಿದು ಆ ಲೆಕ್ಕವನ್ನು ನಿಲ್ಲಿಸಬಹುದೇ?

ನೆರಳಿನ ಬೆಲೆ ಎಷ್ಟು ಎಂದು ಕೇಳುವ ಯುವಕರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೆ ಕಡಿಮೆ, ಡಾಂಬರಿನ ಮೇಲ್ಮೈ 27.5 ಡಿಗ್ರಿವರೆಗೂ ಕಡಿಮೆ. ಝುಹ್ರ್‌ಗೆ ಬರಿಗಾಲಲ್ಲಿ ಅಂಗಳ ದಾಟುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಷ್ಟು ಕೆಲಸ ಮಾಡುವುದು ದೊಡ್ಡ ಮರ. ಒಂದು ಹಳೆಯ ಮರ ಕಡಿದು ಹತ್ತು ಸಸಿ ನೆಟ್ಟೆವು ಎಂದರೆ ಕಾಗದದ ಲೆಕ್ಕ ಸರಿಹೋಗುತ್ತದೆ, ನೆರಳಿನ ಲೆಕ್ಕ ನಮ್ಮ ಮೊಮ್ಮಕ್ಕಳ ಕಾಲಕ್ಕೆ.

ಮರಕ್ಕೆ ನಾವು ಮಾಡುವ ಇನ್ನಿತರ ಅನ್ಯಾಯಗಳನ್ನೂ ಹೇಳಿಬಿಡುತ್ತೇನೆ. ಮೀಲಾದ್ ಬಂದರೆ, ರಮಝಾನ್ ಬಂದರೆ ಸೀರಿಯಲ್ ಲೈಟಿಗೆ ಕಾಂಡದ ಸುತ್ತ ತಂತಿ ಬಿಗಿದು ಹಾಗೆಯೇ ಬಿಡುತ್ತೇವೆ. ಮರ ದಪ್ಪವಾಗುತ್ತದೆ, ತಂತಿ ತೊಗಟೆಯೊಳಗೆ ಇಳಿಯುತ್ತದೆ. ಇಜ್ತಿಮಾದ ಬೋರ್ಡಿಗೆ ಮೊಳೆ ಹೊಡೆಯುತ್ತೇವೆ. ನಮ್ಮ ಮರದಿಂದ ಆ ಹಿರಿಯರು ಕಿತ್ತ ಮೊಳೆಗಳು ಒಂದು ಟೀ ಗ್ಲಾಸು ತುಂಬ ಆದವು. ಬುಡದಲ್ಲಿ ಕಸ ಗುಡಿಸಿ ಬೆಂಕಿ ಹಾಕುತ್ತೇವೆ. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಸಹೋದರರೇ. ಹಳೆಯ ಮಾಂಸದ ಜಾಗಕ್ಕೆ ಹೊಸ ಮಾಂಸ ಬರುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ಕಂಡುಕೊಂಡದ್ದು ಇದನ್ನೇ. ಕೆಟ್ಟ ಭಾಗದ ಸುತ್ತ ಮರ ಒಳಗಿಂದೊಳಗೆ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ, ಮೇಲೆ ಹೊಸ ಪದರ ಬೆಳೆದು ಮುಚ್ಚುತ್ತದೆ. ಗಾಯ ಒಳಗೆ ಆಯುಷ್ಯವಿಡೀ ಉಳಿಯುತ್ತದೆ. ಮೇಲೆ ನಯವಾಗಿ ಕಂಡರೂ ಒಳಗೆ ಎಲ್ಲವೂ ದಾಖಲಾಗಿರುತ್ತದೆ.

ಕೊಂಬೆ ಕಡಿಯುವ ರೀತಿಯಲ್ಲೂ ಅನ್ಯಾಯವಿದೆ. ಯಾರೋ ಕೊಡಲಿ ತರುತ್ತಾನೆ, ಅರ್ಧಕ್ಕೆ ಕಡಿಯುತ್ತಾನೆ, ಕೊಂಬೆ ತನ್ನ ಭಾರಕ್ಕೆ ಜೋತು ಕಾಂಡದ ತೊಗಟೆಯನ್ನು ಮೊಳದುದ್ದ ಸೀಳಿಕೊಂಡು ಬೀಳುತ್ತದೆ. ಅಥವಾ ವಿದ್ಯುತ್ ತಂತಿಗೆ ತಾಗುತ್ತದೆಂದು ಒಂದೇ ಪಕ್ಕವನ್ನು ಬೋಳಿಸಿ ಮರದ ಭಾರವೆಲ್ಲ ಇನ್ನೊಂದು ಪಕ್ಕಕ್ಕೆ ವಾಲುವಂತೆ ಮಾಡುತ್ತಾರೆ. ಇಲ್ಲವೇ ತಲೆಯನ್ನೇ ಕತ್ತರಿಸಿ ಮೋಟು ಮಾಡುತ್ತಾರೆ. ಮೋಟಿನ ಅಂಚಿನಿಂದ ಹತ್ತಾರು ಚಿಗುರು ಏಳುತ್ತವೆ, ನೋಡಲು ಹಸಿರು, ಹಿಡಿತ ಮಾತ್ರ ಇರುವುದಿಲ್ಲ. ನಾಲ್ಕು ವರ್ಷದಲ್ಲಿ ಅವೇ ಮುರಿದು ಬೀಳುವ ಕೊಂಬೆಗಳು. ಸರಿಯಾದ ಕ್ರಮ ಏನೆಂದರೆ, ಗರಗಸದಿಂದ ಮೊದಲು ಕೊಂಬೆಯ ಕೆಳಗಡೆಯಿಂದ ಸ್ವಲ್ಪ ಕೊಯ್ಯಬೇಕು, ನಂತರ ಒಂದಷ್ಟು ಆಚೆಗೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು, ಕೊನೆಗೆ ಉಳಿದ ಮೋಟನ್ನು ಕಾಂಡಕ್ಕೆ ಸೇರುವಲ್ಲಿನ ಉಬ್ಬಿಗೆ ಧಕ್ಕೆಯಾಗದಂತೆ ಅದರ ಹೊರಗೆ ತೆಗೆಯಬೇಕು. ಆ ಉಬ್ಬಿನಿಂದಲೇ ಮರ ಗಾಯವನ್ನು ಮುಚ್ಚುವುದು. ಟಾರು, ಸಿಮೆಂಟು ಏನನ್ನೂ ಬಳಿಯಬೇಕಾಗಿಲ್ಲ. ಪ್ರಾಣಿಯನ್ನು ಝಬಹ್ ಮಾಡುವಾಗಲೂ ಕತ್ತಿ ಹರಿತವಾಗಿರಲಿ, ನೋವು ಕಡಿಮೆಯಾಗಲಿ ಎಂದು ಎಹ್ಸಾನ್ ಕಲಿಸಿದ ಧರ್ಮ ನಮ್ಮದು. ಕೊಂಬೆ ಕಡಿಯುವುದರಲ್ಲೂ ಎಹ್ಸಾನ್ ಇದೆ.

ಮತ್ತೊಂದು ಮಾತು, ಮರ ಹತ್ತುವವನೂ ಒಬ್ಬ ತಾಯಿಯ ಮಗ. ಐನೂರು ರೂಪಾಯಿಗೆ ಹಗ್ಗವಿಲ್ಲದೆ, ತಂತಿಯ ಕರೆಂಟ್ ತೆಗೆಸದೆ ಅವನನ್ನು ಹತ್ತಿಸಬೇಡಿ. ನೀವಂತೂ ಹತ್ತಲೇಬೇಡಿ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಅದು ನಿಮ್ಮ ಸ್ವಂತ ಸೈಟಿನಲ್ಲೇ ಇದ್ದರೂ ಬೇಕು. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಪ್ರಾಣಕ್ಕೋ ಆಸ್ತಿಗೋ ಅಪಾಯವಿದ್ದರೆ ಅನುಮತಿ ನಿರಾಕರಿಸಬಾರದು ಎಂದೂ ಅದೇ ಕಾಯ್ದೆಯಲ್ಲಿದೆ. ಹಾಗಾಗಿ ರಾತ್ರೋರಾತ್ರಿ ಗರಗಸ ತರುವ ಅಗತ್ಯವೇ ಇಲ್ಲ. ಬುಡಕ್ಕೆ ಆ್ಯಸಿಡ್ ಸುರಿದು ಒಣಗಿಸಿ ಆಮೇಲೆ ಅರ್ಜಿ ಕೊಡುವ ಜಾಣತನವನ್ನೂ ಕೇಳಿದ್ದೇನೆ. ಅಂಥವನು ಅಧಿಕಾರಿಗೆ ಮೋಸ ಮಾಡಬಹುದು. ಬುಡದ ಸುತ್ತ ಕಾಂಕ್ರೀಟ್ ಇರಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಆದೇಶ ಮಾಡಿ, ಸುತ್ತಲೂ ಒಂದು ಮೀಟರ್ ಜಾಗ ಬಿಡಿಸಲು ಹೇಳಿತ್ತು. ನಮ್ಮ ಕಟ್ಟೆ ಒಂದು ಅಂಗುಲ ಜಾಗವನ್ನೂ ಬಿಟ್ಟಿರಲಿಲ್ಲ.

ಹಳೆಯ ಮರ ಒಮ್ಮೆ ಕೆಟ್ಟರೆ ಮುಗಿಯಿತು ಎಂದು ಹತಾಶರಾಗಬೇಕಿಲ್ಲ. ತೆಲಂಗಾಣದ ಮೆಹಬೂಬ್‌ನಗರದಲ್ಲಿ ಪಿಲ್ಲಲಮರ್ರಿ ಎಂಬ ಶತಮಾನಗಳ ಆಲದಮರವಿದೆ. ಗೆದ್ದಲು ತಿಂದು ಕೊಂಬೆ ಬೀಳತೊಡಗಿದಾಗ ಜನರ ಪ್ರವೇಶ ನಿಲ್ಲಿಸಿ, 2018ರಲ್ಲಿ ರೋಗಿಗೆ ಹಾಕುವಂತೆ ನೂರಾರು ಡ್ರಿಪ್ ಬಾಟಲಿ ಕಟ್ಟಿ ಔಷಧಿ ಇಳಿಸಿದರು, ಭಾರದ ಕೊಂಬೆಗಳಿಗೆ ಕಂಬದ ಆಸರೆ ಕೊಟ್ಟರು. ಅಲ್ಲಿ ಮೊದಲು ಮಾಡಿದ್ದೇನು ಗಮನಿಸಿ, ಜನರನ್ನು ದೂರ ಇಟ್ಟರು. ಮರದ ಆರೈಕೆ ಮತ್ತು ಮನುಷ್ಯರ ರಕ್ಷಣೆ ಎರಡೂ ಒಂದೇ ಕೆಲಸದ ಭಾಗ.

ನಾನು ನಿಂತಿರುವ ಈ ಮಿಂಬರ್‌ಗೂ ಮರಕ್ಕೂ ಒಂದು ಹಳೆಯ ಸಂಬಂಧವಿದೆ. ಮಸ್ಜಿದುನ್ನಬವಿಯಲ್ಲಿ ಮಿಂಬರ್ ಆಗುವ ಮೊದಲು ಪ್ರವಾದಿ(ಸ) ಖರ್ಜೂರದ ಒಂದು ಬೊಡ್ಡೆಗೆ ಒರಗಿ ಖುತ್ಬಾ ನೀಡುತ್ತಿದ್ದರು. ಮಿಂಬರ್ ಸಿದ್ಧವಾಗಿ ಅವರು ಅದನ್ನು ಏರಿದ ದಿನ ಆ ಬೊಡ್ಡೆ ಅತ್ತಿತು, ಅಲ್ಲಿದ್ದವರು ಆ ಸದ್ದನ್ನು ಕೇಳಿದರು ಎಂದು ಬುಖಾರಿಯಲ್ಲಿದೆ. ಪ್ರವಾದಿ(ಸ) ಖುತ್ಬಾ ಬಿಟ್ಟು ಕೆಳಗಿಳಿದು ಬಂದು ಅದರ ಮೇಲೆ ಕೈ ಇಟ್ಟು ಸಂತೈಸಿದರು. ಕಡಿದು ನಿಲ್ಲಿಸಿದ ಬೊಡ್ಡೆ ಅದು, ಹಸಿರು ಮರವೂ ಅಲ್ಲ. ಈ ಹದೀಸನ್ನು ನಾನು ಎಷ್ಟೋ ಬಾರಿ ಇಲ್ಲಿಂದಲೇ ಹೇಳಿದ್ದೇನೆ. ಹೇಳುತ್ತಿದ್ದ ದಿನಗಳಲ್ಲಿ ಕಿಟಕಿಯಾಚೆ ಆ ಬಿಳಿ ಕೊಂಬೆ ಕಾಣುತ್ತಿತ್ತು.

ಈಗ ಆಗಬೇಕಾದ ಕೆಲಸ. ವೃಕ್ಷಾಧಿಕಾರಿಗೆ ಎರಡು ಅರ್ಜಿ ಹೋಗಿವೆ. ಮಳೆಮರದ ಒಣ ಕೊಂಬೆ ತೆಗೆಯಲು ಒಂದು, ಗುಲ್‌ಮೊಹರ್ ತೆಗೆಯಲು ಒಂದು. ಅನುಮತಿ ಬರುವವರೆಗೆ ಖಬರಸ್ಥಾನದ ಆ ಮೂಲೆಗೆ ಹಗ್ಗ ಕಟ್ಟಲಾಗಿದೆ, ಝಿಯಾರತ್‌ಗೆ ಬರುವವರು ಇನ್ನೊಂದು ಗೇಟಿನಿಂದ ಬನ್ನಿ. ಅಂಗನವಾಡಿಯ ಟೀಚರಮ್ಮನಿಗೂ ಹೇಳಿದ್ದೇವೆ, ಗಾಳಿ ಬಂದರೆ ಮಕ್ಕಳನ್ನು ಗೋಡೆಯ ಕಡೆ ಬಿಡುವುದಿಲ್ಲ ಎಂದಿದ್ದಾರೆ. ಮಳೆ ಗಾಳಿ ಇರುವಾಗ ಯಾರೂ ಮಳೆಮರದ ಕೆಳಗೆ ವಾಹನ ನಿಲ್ಲಿಸಬಾರದು, ನಿಂತುಕೊಳ್ಳಬಾರದು. ಒಳಗೆ ಬನ್ನಿ, ಇದು ಅಲ್ಲಾಹನ ಮನೆ, ಯಾವ ಧರ್ಮದವರಿಗೂ ಮಳೆಯಲ್ಲಿ ಇಲ್ಲಿ ಜಾಗವಿದೆ. ಅಂಗಡಿಯವರಿಗೂ ಹಾಗೆಯೇ ತಿಳಿಸಿ.

ಗುಲ್‌ಮೊಹರ್ ಹೋದ ಜಾಗದಲ್ಲಿ ಹೊಂಗೆ ನೆಡಬೇಕೆಂದು ಹಿರಿಯರು ಹೇಳಿದ್ದಾರೆ. ನೆಡುವವರು ಬಹಳ ಜನ ಸಿಗುತ್ತಾರೆ, ಮೂರು ಬೇಸಿಗೆ ನೀರು ಹಾಕುವವರ ಹೆಸರು ಮೊದಲು ಬರೆಸಿ.

ಭಾನುವಾರ ಫಜ್ರ್ ನಂತರ ಟೈಲ್ಸ್ ಒಡೆಯುತ್ತೇವೆ. ಕಟ್ಟೆ ಪೂರ್ತಿ ಹೋಗುತ್ತದೆ, ಬುಡದಿಂದ ಸುತ್ತಲೂ ಎರಡು ಮೀಟರ್ ಮಣ್ಣು ತೆರೆಯುತ್ತೇವೆ. ಗುದ್ದಲಿ ಆಳಕ್ಕೆ ಹಾಕಬಾರದು, ಬೇರಿಗೆ ಮತ್ತೆ ಪೆಟ್ಟಾಗುತ್ತದೆ. ಕೈಯಿಂದಲೇ ಬಿಡಿಸಿ ಮೇಲೆ ಒಣಗಿದ ಎಲೆ ಹರಡಬೇಕು, ಅದನ್ನೂ ಕಾಂಡಕ್ಕೆ ತಾಗಿಸಿ ರಾಶಿ ಹಾಕಬಾರದು. ವುಝೂವಿನ ನೀರನ್ನು ಚರಂಡಿಗೆ ಬಿಡುವ ಬದಲು ಬುಡದಿಂದ ದೂರದಲ್ಲಿ ಒಂದು ಇಂಗುಗುಂಡಿಗೆ ತಿರುಗಿಸಲು ಪ್ಲಂಬರ್ ಸಹೋದರರೊಬ್ಬರು ಕೂಲಿ ಇಲ್ಲದೆ ಬರುತ್ತೇನೆ ಎಂದಿದ್ದಾರೆ. ಟೈಲ್ಸ್ ಹೋದರೆ ಜುಮಾದ ಹೊರಗಿನ ಎರಡು ಸಾಲು ಕಡಿಮೆಯಾಗುತ್ತವೆ. ಆ ಎರಡು ಸಾಲಿಗೆ ಟೆರೇಸ್ ಮೇಲೆ ಶಾಮಿಯಾನ ಹಾಕಿಸುತ್ತೇವೆ. ಮೊಣಕಾಲು ನೋವಿರುವ ಹಿರಿಯರು ಬೇಗ ಬಂದರೆ ಒಳಗೆ ಜಾಗ ಸಿಗುತ್ತದೆ, ಯುವಕರು ಮೇಲೆ ಹತ್ತಿ.

ಠರಾವಿಗೆ ಸಹಿ ಹಾಕಿದ್ದ ಕಮಿಟಿ ಸದಸ್ಯರು ಭಾನುವಾರ ಬರುತ್ತಾರೆ. ಮೊದಲ ಟೈಲ್ ನಾನು ಎಬ್ಬಿಸುತ್ತೇನೆ. ಹಾರೆ, ಬುಟ್ಟಿ ಇರುವವರು ಮನೆಯಿಂದ ತನ್ನಿ.